ಇಜಿಆರ್ ಮುಚ್ಚಿದ ಕಾರು ಏರಿನಲ್ಲಿ ನಾಕ್ ಆಗುವುದೇಕೆ?

ಬಳ್ಳಾರಿಯಲ್ಲಿರುವ ನನ್ನ ಗ್ಯಾರೇಜಿಗೆ ಬೇಸಿಗೆಯಲ್ಲಿ ನಾಕಿಂಗ್ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿಯೇ ಸಿಡಿದು ಕಟಕಟ ಸದ್ದಾಗುವುದು) ದೂರು ಹೊತ್ತ ಪೆಟ್ರೋಲ್ ಕಾರುಗಳು ಹೆಚ್ಚು ಬರುತ್ತವೆ. ಬಿಸಿಲು 40 ಡಿಗ್ರಿ ದಾಟಿದಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಾದಿರುವುದರಿಂದ, ಸಣ್ಣ ದೋಷವೂ ದೊಡ್ಡದಾಗಿ ಕೇಳಿಸುತ್ತದೆ. ಹಾಗೆ ಬಂದ ಒಂದು ಕಾರು ಸಂಡೂರಿನ ಏರಿನಲ್ಲಿ, ಆಕ್ಸಿಲರೇಟರ್ ಅರ್ಧ ಒತ್ತಿದಾಗಲೆಲ್ಲ ಕಟಕಟ ಎನ್ನುತ್ತಿತ್ತು. ಪ್ಲಗ್ ಬದಲಿಸಿ, ಇಂಜೆಕ್ಟರ್ ತೊಳೆಸಿದರೂ ಸದ್ದು ನಿಂತಿರಲಿಲ್ಲ.

ಸ್ಕ್ಯಾನರ್ ಜೋಡಿಸಿದಾಗ ಪಿ0401 ಕೋಡ್, ಅಂದರೆ ಇಜಿಆರ್ ಹರಿವು ಸಾಲದು ಎಂಬ ಸೂಚನೆ ಸಿಕ್ಕಿತು. ಎಂಜಿನ್ ಬಿಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆಯೇ ಇಜಿಆರ್. ಐಡ್ಲಿಂಗ್‌ನಲ್ಲಿ ಫ್ಯೂಯೆಲ್ ಟ್ರಿಮ್, ಅಂದರೆ ಎಂಜಿನ್ ಕಂಪ್ಯೂಟರ್ (ಇಸಿಯು) ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ, ಸರಿಯಾಗಿಯೇ ಇತ್ತು. ರಸ್ತೆಯಲ್ಲಿ ಸಮವೇಗದಲ್ಲಿ ಓಡಿಸಿದಾಗ ಮಾತ್ರ ಅದು ಪ್ಲಸ್ 12ರ ಆಸುಪಾಸಿಗೆ ಏರುತ್ತಿತ್ತು. ಇಂತಹ ಎಂಜಿನ್‌ಗಳಲ್ಲಿ ಇಜಿಆರ್ ವಾಲ್ವ್ ಐಡ್ಲಿಂಗ್‌ನಲ್ಲಿ ಮುಚ್ಚಿದ್ದು, ಮಧ್ಯಮ ಲೋಡಿನಲ್ಲಿ ತೆರೆಯುವುದರಿಂದ ನನ್ನ ಅನುಮಾನ ಅಲ್ಲಿಗೇ ಹೋಯಿತು. ವಾಲ್ವ್ ಬಿಚ್ಚಿ ನೋಡಿದರೆ, ಗ್ಯಾಸ್ಕೆಟ್ ಆಕಾರದಲ್ಲಿ ಕತ್ತರಿಸಿದ ತಗಡೊಂದು ದಾರಿಗೆ ಅಡ್ಡವಾಗಿ ಕುಳಿತಿತ್ತು. ಪಿಕಪ್ ಹೆಚ್ಚುತ್ತದೆಂದು ಹಿಂದೆ ಯಾರೋ ಹಾಕಿದ್ದರು.

ಮ್ಯಾಪ್ ಸೆನ್ಸರ್ (ಗಾಳಿ ಒಳಹೋಗುವ ಮ್ಯಾನಿಫೋಲ್ಡ್ ಕೊಳವೆಯ ಒತ್ತಡ ಅಳೆಯುವ ಸೆನ್ಸರ್) ಇರುವ ಈ ಎಂಜಿನ್‌ನಲ್ಲಿ ಇಸಿಯು ಮ್ಯಾನಿಫೋಲ್ಡ್ ಒತ್ತಡದ ಒಂದು ಪಾಲನ್ನು ಮರಳಿ ಬಂದ ಹೊಗೆಯೆಂದು ಕಳೆದು, ಉಳಿದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ. ಹೊಗೆ ಬಾರದಿದ್ದಾಗ ಆ ಜಾಗವನ್ನೂ ತಾಜಾ ಗಾಳಿಯೇ ತುಂಬಿ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ತಿಳಿಸಿದಾಗ ಇಸಿಯು ಪೆಟ್ರೋಲ್ ಹೆಚ್ಚಿಸುವುದೇ ಆ ಪ್ಲಸ್ ಟ್ರಿಮ್. ಇಗ್ನಿಷನ್ ಟೈಮಿಂಗ್‌ನ ವಿಷಯ ಇನ್ನೂ ಗಂಭೀರವಾದುದು. ಹೊಗೆ ಬೆರೆತ ಮಿಶ್ರಣ ನಿಧಾನವಾಗಿ ಉರಿಯುವುದರಿಂದ, ಇಸಿಯು ಕಿಡಿಯನ್ನು ಮೊದಲೇ ಕೊಡುತ್ತದೆ; ಇದನ್ನೇ ಅಡ್ವಾನ್ಸ್ ಎನ್ನುವುದು. ಬೇಗ ಉರಿಯುವ ಬರಿ ಮಿಶ್ರಣಕ್ಕೂ ಅದೇ ಅಡ್ವಾನ್ಸ್ ಸಿಕ್ಕರೆ ಒತ್ತಡವೂ ಶಾಖವೂ ಮಿತಿಮೀರಿ ನಾಕ್ ಆಗುತ್ತದೆ. ನಾಕ್ ಸೆನ್ಸರಿನ ಸೂಚನೆಯಂತೆ ಇಸಿಯು ಟೈಮಿಂಗನ್ನು ಮತ್ತೆ ಮತ್ತೆ ಹಿಂದಕ್ಕೆಳೆಯುತ್ತಿದ್ದುದು ಸ್ಕ್ಯಾನರಿನಲ್ಲೇ ಕಾಣುತ್ತಿತ್ತು. ಪಿಕಪ್ ಹೆಚ್ಚಲೆಂದು ಹಾಕಿದ ತಗಡೇ ಪಿಕಪ್ಪನ್ನು ತಿನ್ನುತ್ತಿತ್ತು.

ತಗಡು ತೆಗೆದು, ಕಾರ್ಬನ್ ಕೆರೆದು, ಹೊಸ ಗ್ಯಾಸ್ಕೆಟ್ ಹಾಕಿ ತೋರಣಗಲ್ಲಿನ ಕಡೆಗೆ ಓಡಿಸಿದಾಗ ಟ್ರಿಮ್ ಇಳಿಯಿತು, ಟೈಮಿಂಗ್ ಸ್ಥಿರವಾಯಿತು.

ವಾಲ್ವ್ ಸಿಕ್ಕಿಕೊಂಡು ತೆರೆದೇ ಉಳಿದರೆ ಲಕ್ಷಣ ಬೇರೆ: ಐಡ್ಲಿಂಗ್‌ನಲ್ಲಿ ಮಿಸ್‌ಫೈರ್ ಆಗಿ ಎಂಜಿನ್ ನಡುಗುತ್ತದೆ. ಪರೀಕ್ಷೆಗೆ ನಾನು ಐಡ್ಲಿಂಗ್‌ನಲ್ಲಿ ಸ್ಕ್ಯಾನರಿನಿಂದಲೇ ವಾಲ್ವ್ ತೆರೆಯುತ್ತೇನೆ. ಎಂಜಿನ್ ತಡವರಿಸಬೇಕು ಅಥವಾ ನಿಂತೇಹೋಗಬೇಕು. ಏನೂ ಆಗದಿದ್ದರೆ, ವಾಲ್ವ್ ಚಲಿಸುತ್ತಿದ್ದರೂ ಒಳದಾರಿ ಕಾರ್ಬನ್‌ನಿಂದ ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು.