ಬ್ರಿಟನ್‌ನಲ್ಲಿ ಹಳೇ ಮನೆ ಕೊಂಡ್ರಾ? ಫೈರ್‌ಪ್ಲೇಸ್ ಒಡೆಸುವ ಮುಂಚೆ ಇದನ್ನು ಓದಿ

ಇಲ್ಲಿ ಹಳೇ ಟೆರೇಸ್ ಮನೆಯೋ (ಸಾಲಾಗಿ ಅಂಟಿಕೊಂಡಿರುವ ಮನೆ) ಸೆಮಿಯೋ (ಒಂದು ಗೋಡೆ ಹಂಚಿಕೊಂಡ ಜೋಡಿ ಮನೆ) ಕೊಂಡ ನಮ್ಮವರು ಬೀಗ ಕೈಗೆ ಬಂದ ಕೂಡಲೇ ಶುರು ಮಾಡುತ್ತಾರೆ, ಈ ಫೈರ್‌ಪ್ಲೇಸ್ ಕಿತ್ತರೆ ಟಿವಿಗೆ ಜಾಗ ಆಗುತ್ತೆ ಅಂತ. ಕೀಳಿಸಿ, ಬೇಡ ಅನ್ನುವುದಿಲ್ಲ. ಆದರೆ ಕೀಳಿಸುವುದು ಬರೀ ಫೈರ್‌ಪ್ಲೇಸೋ, ಅದರ ಹಿಂದಿನ ಚಿಮ್ನಿ ಬ್ರೆಸ್ಟೋ, ಅಂದರೆ ಹೊಗೆ ಮೇಲೆ ಹೋಗುವ ಇಟ್ಟಿಗೆ ಕಟ್ಟಡವೋ? ಮೊದಲು ಅದನ್ನು ತೀರ್ಮಾನ ಮಾಡಿ.

ಮುಂದಿನ ಮ್ಯಾಂಟಲ್ (ಫೈರ್‌ಪ್ಲೇಸ್ ಸುತ್ತಲಿನ ಚೌಕಟ್ಟು), ಕೆಳಗಿನ ಕಲ್ಲು ತೆಗೆಯುವುದು ಸಣ್ಣ ಕೆಲಸ. ಗೋಡೆಯಿಂದ ಮುಂದಕ್ಕೆ ಬಂದಿರುವ ಚಿಮ್ನಿ ಬ್ರೆಸ್ಟ್ ಹಾಗಲ್ಲ, ಅದು ಮೇಲಿನ ಬೆಡ್‌ರೂಮ್ ಹಾದು ಛಾವಣಿವರೆಗೂ ಹೋಗಿರುತ್ತದೆ, ಕೆಳಗೆ ಕತ್ತರಿಸಿದರೆ ಮೇಲಿನ ಇಟ್ಟಿಗೆಯ ಭಾರ ಹೊರುವವರು ಯಾರು? ಅದಕ್ಕೇ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಬೇಕು, ಕಟ್ಟಡದ ನಿಯಮ ಪಾಲನೆ ನೋಡುವ ಬಿಲ್ಡಿಂಗ್ ಕಂಟ್ರೋಲ್‌ನ ಒಪ್ಪಿಗೆಯೂ ಬೇಕು. ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಯಾದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಅವರಿಗೆ 2 ತಿಂಗಳು ಮುಂಚೆ ನೋಟಿಸ್ ಕೊಡಬೇಕು. "ಅದೆಲ್ಲ ಯಾಕೆ, ಒಂದೇ ದಿನದಲ್ಲಿ ಮುಗಿಸುತ್ತೇನೆ" ಅನ್ನುವ ಬಿಲ್ಡರ್‌ಗೆ ಟೀ ಕೊಟ್ಟು ಕಳಿಸಿಬಿಡಿ. ನಾಳೆ ಮನೆ ಮಾರುವಾಗ ಕಂಪ್ಲೀಷನ್ ಸರ್ಟಿಫಿಕೇಟ್ (ಕೆಲಸ ನಿಯಮದಂತೆ ಮುಗಿದಿದೆ ಅನ್ನುವ ಪತ್ರ) ಎಲ್ಲಿ ಅಂತ ಕೇಳುವುದು ನಿಮ್ಮನ್ನೇ, ಅವನನ್ನಲ್ಲ.

ಗ್ಯಾಸ್ ಫೈರ್ ಇದ್ದರೆ ನೀವಾಗಿ ಸ್ಪ್ಯಾನರ್ ಹಿಡಿಯಬೇಡಿ. ನಾಬ್ ತಿರುಗಿಸಿ ಆಫ್ ಮಾಡಿದರೆ ಸಾಲದು, ಪೈಪಿನ ಬಾಯನ್ನೇ ಮುಚ್ಚಿ ಕ್ಯಾಪ್ ಮಾಡಬೇಕು. ಗ್ಯಾಸ್ ಸೇಫ್ (ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಸಿ, ಅವರ ಕಾರ್ಡಿನ ಹಿಂಬದಿ ತಿರುಗಿಸಿ ನೋಡಿ, ಯಾವ್ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲೇ ಬರೆದಿರುತ್ತದೆ. ಕೆಲವು ಹಳೇ ಮನೆಗಳಲ್ಲಿ ಫೈರ್‌ಪ್ಲೇಸ್ ಹಿಂದುಗಡೆ ನೀರು ಕಾಯಿಸುವ ಬ್ಯಾಕ್ ಬಾಯ್ಲರ್ ಅಡಗಿ ಕೂತಿರುತ್ತದೆ, ಅದನ್ನೂ ಕೇಳಿ. 2000ಕ್ಕಿಂತ ಮುಂಚಿನ ಮನೆಯಾದರೆ ಹಿಂದಿನ ಬೋರ್ಡ್‌ನಲ್ಲಿ ಆಸ್ಬೆಸ್ಟಾಸ್ (ಧೂಳು ಉಸಿರಿನಲ್ಲಿ ಹೋದರೆ ಅಪಾಯದ ನಾರು) ಇರಬಹುದು. ಅನುಮಾನ ಬಂದರೆ ಕೊರೆಯಬೇಡಿ, ಒಡೆಯಬೇಡಿ, ಮೊದಲು ಪರೀಕ್ಷೆ ಮಾಡಿಸಿ.

ಬರೀ ಫೈರ್‌ಪ್ಲೇಸ್ ತೆಗೆದು ತೂತು ಮುಚ್ಚುವವರು ಒಂದು ವಿಷಯ ಮರೆಯುತ್ತಾರೆ: ಗಾಳಿ. ಪೂರ್ತಿ ಮುಚ್ಚಿಬಿಟ್ಟರೆ ಚಿಮ್ನಿಯೊಳಗೆ ತೇವ ನಿಲ್ಲುತ್ತದೆ, ಆಮೇಲೆ ಎಷ್ಟು ಪೇಂಟ್ ಹೊಡೆದರೂ ಗೋಡೆ ಮೇಲೆ ಕಂದು ಕಲೆ. ಹಾಗಾಗಿ ಕೆಳಗೆ ಒಂದು ವೆಂಟ್, ಮೇಲೆ ಮಳೆ ಬೀಳದ ಹಾಗೆ ಗಾಳಿಯಾಡುವ ಕ್ಯಾಪ್. ಮುಚ್ಚುವ ಮುಂಚೆ ಚಿಮ್ನಿ ಗುಡಿಸಿಸಿ, ಇಲ್ಲಾಂದ್ರೆ ಮಸಿ ಉದುರುತ್ತಲೇ ಇರುತ್ತದೆ. ಒಳಗೆ ಹಕ್ಕಿ ಗೂಡು ಕಟ್ಟಿದ್ದರೆ ಮರಿಗಳು ಹಾರಿ ಹೋಗುವವರೆಗೂ ಕಾಯಬೇಕು, ಇಲ್ಲಿ ಅದು ಕಾನೂನು.

ಲೀಸ್‌ಹೋಲ್ಡ್ ಫ್ಲಾಟ್ (ದೀರ್ಘ ಗುತ್ತಿಗೆ ಮೇಲೆ ಕೊಂಡದ್ದು), ಲಿಸ್ಟೆಡ್ ಕಟ್ಟಡ (ಪಾರಂಪರಿಕವೆಂದು ಕಾನೂನು ರಕ್ಷಣೆ ಇರುವುದು) ಆದರೆ ಬೇರೆ ಅನುಮತಿಗಳೂ ಬೇಕು. ಇನ್ನು ಕೊಟೇಶನ್ ತಗೊಳ್ಳುವಾಗ ನೆಲದ ಕೆಲಸ ಸೇರಿದೆಯಾ ಅಂತ ಸುಮ್ನೆ ಒಂದು ಮಾತು ಕೇಳಿ, ಯಾಕಂದ್ರೆ ಫೈರ್‌ಪ್ಲೇಸ್ ಕೆಳಗಿನ ಆ ಕಲ್ಲಿನ ಅಡಿಯಲ್ಲಿ ಮರದ ಹಲಗೆ ಇರುವುದಿಲ್ಲ.