ಲಂಗದ ಲಾಡಿ, ಉಪ್ಪಿನ ಪ್ಯಾಕೆಟ್ಟು: ಹೆಂಗಸರ ತೂಕ ಮತ್ತು ಸ್ಟ್ರೋಕ್

ಮಂಡ್ಯದ ಸುತ್ತಲ ಹಳ್ಳಿಗಳಲ್ಲಿ 30 ದಾಟಿದ ಹೆಂಗಸರ ತಪಾಸಣೆಗೆ ಕೂತಾಗ ತೂಕದ ಮಷೀನಿಗಿಂತ ಮೊದಲು ಟೇಪು ತೆಗೆಯುತ್ತೇವೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ ಇರುವವರು ನಮ್ಮ ಕಡೆ ಬಹಳ. ತೂಕ 56 ಕೆ.ಜಿ. ತೋರಿಸಿ ಪರವಾಗಿಲ್ಲ ಅನ್ನಿಸುತ್ತದೆ, ಸೊಂಟ 88 ಸೆಂ.ಮೀ. ಇರುತ್ತದೆ. ಭಾರತದ ಹೆಂಗಸರಿಗೆ 80 ಸೆಂ.ಮೀ. ಗಡಿ. ಯಾರಿಗೆ ಕಾಯಿಲೆಯ ಅಪಾಯ ಹೆಚ್ಚು ಎಂದು ಅಂಕ ಹಾಕಿ ನೋಡಲು ಆಶಾ ಅಕ್ಕಂದಿರು ತುಂಬುವ ಸಿಬ್ಯಾಕ್ ಫಾರಂನಲ್ಲೂ 81ರಿಂದ 90ಕ್ಕೆ ಒಂದು ಅಂಕ, 90 ದಾಟಿದರೆ ಎರಡು. ಕರುಳಿನ ಸುತ್ತ ಸೇರುವ ಕೊಬ್ಬು ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರಕ್ಕೂ ಕುಮ್ಮಕ್ಕು ಕೊಡುತ್ತದೆ. ಮೆದುಳಿನ ರಕ್ತನಾಳಕ್ಕೆ ಪೆಟ್ಟು ಬಿದ್ದು ಸ್ಟ್ರೋಕ್, ಅಂದರೆ ಲಕ್ವ, ಆಗುವುದು ಹೆಚ್ಚಾಗಿ ಆ ದಾರಿಯಲ್ಲೇ.

ಅಳತೆ ಕೆಡುವುದು ಲಾಡಿಯಿಂದ. ಒಳಲಂಗವನ್ನು ಬಿಗಿಯಾಗಿ ಕಟ್ಟಿರುತ್ತಾರೆ, ಹೊಟ್ಟೆ ಲಾಡಿಯ ಮೇಲೊಂದು ಕೆಳಗೊಂದು ಎಂದು ಎರಡು ಮಡಿಕೆಯಾಗಿರುತ್ತದೆ. ಲಾಡಿ ಬಿದ್ದ ಗೆರೆಯ ಮೇಲೇ ಟೇಪು ಹಿಡಿದರೆ ಕಡಿಮೆ ಬರುತ್ತದೆ, ಸೀರೆಯ ಮೇಲಿಂದ ಹಿಡಿದರೆ ನೆರಿಗೆಯೂ ಸೇರಿ ಜಾಸ್ತಿ ಬರುತ್ತದೆ. ಪರದೆ ಕಟ್ಟಿ, ಲಾಡಿ ಸಡಿಲಿಸಿ, ಒಂದು ನಿಮಿಷ ನಿಲ್ಲಿಸಬೇಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಬರಬೇಕು. ಟೇಪು ಹಿಡಿದ ಕೂಡಲೇ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಅದಕ್ಕೇ "ಅಕ್ಕ, ಮನೇಲಿ ಯಾರ್ಯಾರಿದ್ದೀರಿ?" ಎಂದು ಮಾತಿಗೆಳೆದು, ಸಹಜವಾಗಿ ಉಸಿರು ಬಿಟ್ಟಾಗ ಓದಿಕೊಳ್ಳುತ್ತೇವೆ. ಬಟ್ಟೆಯ ಟೇಪು ವರ್ಷದೊಳಗೆ ಹಿಗ್ಗುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ, ಹಿಗ್ಗಿದ್ದರೆ ಬಿಸಾಡಿ.

ಮದುವೆಯ ಹೊತ್ತಿಗೆ ಎಷ್ಟು ತೂಕವಿತ್ತು ಎಂದು ಕೇಳಿದರೆ ಗೊತ್ತಿರುವವರು ಕಡಿಮೆ. ಮದುವೆಯ ರವಿಕೆ ಈಗ ಆಗುತ್ತದಾ, ಎಷ್ಟು ಹೊಲಿಗೆ ಬಿಚ್ಚಿಸಿದಿರಿ ಎಂದರೆ ಎಲ್ಲರಿಗೂ ಗೊತ್ತು. ಈ ಪ್ರಶ್ನೆ ತಮಾಷೆಗಲ್ಲ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 18ನೇ ವಯಸ್ಸಿನಿಂದ ಈಚೆಗೆ 20 ಕೆ.ಜಿ. ಅಥವಾ ಹೆಚ್ಚು ಏರಿದವರಿಗೆ ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್ ಸುಮಾರು ಎರಡೂವರೆ ಪಟ್ಟು ಕಂಡಿತ್ತು. ಜೊತೆಗೆ ಇನ್ನೆರಡು ಕೇಳಬೇಕು. ಬಸುರಿಯಲ್ಲಿ ಬಿಪಿ ಏರಿತ್ತಾ, ಫಿಟ್ಸ್ ಬಂದಿತ್ತಾ? ಹೆರಿಗೆ ಮುಗಿದ ಮೇಲೆ ಆ ಮಾತನ್ನು ಎಲ್ಲರೂ ಮರೆಯುತ್ತಾರೆ, ಅಪಾಯ ಮಾತ್ರ ಉಳಿದಿರುತ್ತದೆ. ಮಾಲಾ-ಎನ್‌ನಂಥ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾರಾ? ಬಿಪಿ ಇರುವವರಿಗೆ, ಕಣ್ಣ ಮುಂದೆ ಮಿಂಚು ಬಂದು ಅರೆತಲೆನೋವು ಶುರುವಾಗುವವರಿಗೆ ಅದು ಬೇಡ. ಡಾಕ್ಟರನ್ನು ಕೇಳಿ ಕಾಪರ್-ಟಿಗೋ ಛಾಯಾ ಮಾತ್ರೆಗೋ ಬದಲಾಯಿಸಬೇಕು.

ಬಿಪಿ ನೋಡುವಾಗ ದಪ್ಪ ತೋಳು ಮೋಸ ಮಾಡುತ್ತದೆ. ಮಾಮೂಲಿ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. ಅದನ್ನು 36 ಸೆಂ.ಮೀ. ತೋಳಿಗೆ ಎಳೆದು ಸುತ್ತಿದರೆ ಇಲ್ಲದ ಬಿಪಿಯೂ ಕಾಣುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ದೊಡ್ಡ ಪಟ್ಟಿ ಒಂದನ್ನು ತರಿಸಿಕೊಂಡಿರಲೇಬೇಕು. ಬಿಗಿ ತೋಳಿನ ರವಿಕೆಯನ್ನು ಮೇಲಕ್ಕೆ ಸುತ್ತಿ ಸಿಕ್ಕಿಸಿದರೂ ಅಳತೆ ಕೆಡುತ್ತದೆ. ಬೆನ್ನಿಗೆ ಒರಗು, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಮೌನ. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು, ಹೊಗೆಸೊಪ್ಪು ಹಾಕಿರಬಾರದು. ಹೊಗೆಸೊಪ್ಪನ್ನು "ಎಲೆ ಅಡಿಕೆ ಅಷ್ಟೇ" ಎಂದು ಮುಚ್ಚಿಡುತ್ತಾರೆ, ಬಾಯಿ ನೋಡಿ ಕೇಳಿ. ನಿಮಿಷ ಬಿಟ್ಟು ಎರಡು ಸಲ ನೋಡಿ. 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ಕರೆಸಿ ಮತ್ತೆ ನೋಡಿಯೇ ಡಾಕ್ಟರ ಹತ್ತಿರ ಕಳಿಸುತ್ತೇವೆ. 180/110ರ ಹತ್ತಿರವಿದ್ದರೆ ಆ ದಿನವೇ.

ಇನ್ನು ಊಟ. "ಕಡಿಮೆ ತಿನ್ನಿ" ಎಂದು ಹೇಳಿ ಕಳಿಸಿದವರು ಮುಂದಿನ ತಿಂಗಳು ಅದೇ ತೂಕದಲ್ಲಿ ಬರುತ್ತಾರೆ. ತಟ್ಟೆ ಬಿಟ್ಟು ದಿನಸಿ ಚೀಟಿ ಹಿಡಿದಿದ್ದೇ ನಮಗೆ ಫಲ ಕೊಟ್ಟಿದ್ದು. ದಿನಕ್ಕೆ ತಲೆಗೆ 5 ಗ್ರಾಂ ಉಪ್ಪು ಎಂದರೆ ನಾಲ್ಕು ಜನರ ಮನೆಗೆ 1 ಕೆ.ಜಿ. ಪ್ಯಾಕೆಟ್ಟು 50 ದಿನ ಬರಬೇಕು. ಒಡೆದ ದಿನದ ತಾರೀಖನ್ನು ಪ್ಯಾಕೆಟ್ಟಿನ ಮೇಲೇ ಬರೆಸುತ್ತೇವೆ. 25 ದಿನಕ್ಕೆ ಖಾಲಿಯಾದರೆ ಅವರೇ ಬಂದು ಹೇಳುತ್ತಾರೆ. ಉಪ್ಸಾರಿನ ಮನೆಯಲ್ಲಿ ಸಾರಿಗೊಂದು, ಅರೆದ ಖಾರಕ್ಕೊಂದು, ಹೀಗೆ ಎರಡು ಸಲ ಉಪ್ಪು ಬೀಳುತ್ತದೆ. ಖಾರಕ್ಕೆ ಹಾಕಿದರೆ ಸಾರಿಗೆ ಅರ್ಧ ಸಾಕು. ಮುದ್ದೆಯ ಎಸರಿಗೆ ಉಪ್ಪೇ ಬೇಡ. ಎಣ್ಣೆ ತಿಂಗಳಿಗೆ ತಲೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಒಗ್ಗರಣೆಗೆ ಕ್ಯಾನಿನಿಂದ ಸುರಿಯದೆ ಚಮಚದಲ್ಲಿ.

ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನಲ್ಲಿ 320 ಕ್ಯಾಲೊರಿ ಚಿಲ್ಲರೆ ಇದೆ. ಗದ್ದೆ ಕೆಲಸವಿದ್ದ ಅವ್ವನ ಮುದ್ದೆಯ ಗಾತ್ರವನ್ನೇ, ನಾಟಿಗೆ ಹೋಗದ ಮಗಳೂ ಉಣ್ಣುತ್ತಾಳೆ. ಹಿಟ್ಟನ್ನು ಒಂದು ಸಲ ತೂಗಿ, ಅದೇ ಲೋಟಕ್ಕೆ ಗೆರೆ ಹಾಕಿಕೊಟ್ಟು, ಹೊತ್ತಿಗೆ 70 ಗ್ರಾಮಿಗೆ ಇಳಿಸುತ್ತೇವೆ. ಬಿಟ್ಟ ಜಾಗಕ್ಕೆ ಬಸ್ಸಾರಿನ ಸೊಪ್ಪು, ಕಾಳು. ಆಲೆಮನೆ ಬೆಲ್ಲ ಒಳ್ಳೆಯದು ಎಂಬ ವಾದ ನಮ್ಮೂರಲ್ಲಿ ಗೆಲ್ಲುವುದು ಕಷ್ಟ. ಕ್ಯಾಲೊರಿಯಲ್ಲಿ ಅದಕ್ಕೂ ಸಕ್ಕರೆಗೂ ಹೆಚ್ಚು ವ್ಯತ್ಯಾಸವಿಲ್ಲ. ಸಕ್ಕರೆ ಕಾಯಿಲೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲು ಡಾಕ್ಟರಿಗೆ ಹೇಳಬೇಕು. ತಿಂಗಳಿಗೆ ಒಂದರಿಂದ ಎರಡು ಕೆ.ಜಿ. ಇಳಿದರೆ ಸಾಕು, ತೂಕದಲ್ಲಿ ನೂರಕ್ಕೆ ಐದು ಇಳಿಯುವಷ್ಟರಲ್ಲೇ ಬಿಪಿ ಸ್ವಲ್ಪ ತಗ್ಗುತ್ತದೆ. ತಗ್ಗಿತೆಂದು ಮಾತ್ರೆ ಬಿಡುವುದೇ ನಾವು ಕಾಣುವ ದೊಡ್ಡ ತಪ್ಪು.

ತಪಾಸಣೆಗೆ ಬಂದವರಿಗೆ ಕೊಡುವ ಪ್ರತಿ ಕಾರ್ಡಿನ ಹಿಂದೆ 108, ಮತ್ತು ರಾತ್ರಿಯೂ ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯ ಹೆಸರು ಬರೆದುಕೊಡುತ್ತೇವೆ. ಮುಖ ಸೊಟ್ಟಗಾಗುವುದು, ಒಂದು ಕೈ ಜೋತು ಬೀಳುವುದು, ಮಾತು ತೊದಲುವುದು ಕಂಡರೆ ಲಕ್ವ ಹೊಡೆದಿದೆ ಎಂದು ನಾಟಿ ಔಷಧಿಗೆ ಒಯ್ಯಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆ ಸಮಯ, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನೀರು, ಕಾಫಿ ಕುಡಿಸಬೇಡಿ, ನೆತ್ತಿಗೇರುತ್ತದೆ. ಬೆಳಗ್ಗೆ ಎದ್ದಾಗಲೇ ಹೀಗಿದ್ದರು ಎಂದರೆ ಗಡಿಯಾರ ಶುರುವಾಗುವುದು ರಾತ್ರಿ ಮಲಗಿದಾಗಿನಿಂದ. ಹಾಗಾಗಿ ಕಾರ್ಡಿನ ಕೊನೆಯ ಸಾಲು ಖಾಲಿ ಬಿಟ್ಟಿದ್ದೇವೆ: "ಕೊನೆಗೆ ಸರಿಯಾಗಿ ಮಾತಾಡಿದ್ದು ______ ಗಂಟೆಗೆ."