ಬಾಯಲ್ಲಿರೋದನ್ನೇ ಕೊಡೋದು: ನನ್ನ ಹೋಸ್ ಜೋಡಣೆ

ಸ್ಕೂಬಾ ಡೈವಿಂಗಿನಲ್ಲಿ ನೀರಿನಡಿ ಗಾಳಿ ಖಾಲಿಯಾದವನು ನಿಮ್ಮ ಹಳದಿ ಆಕ್ಟೋಪಸ್ (ಇನ್ನೊಬ್ಬರಿಗೆಂದು ಇಟ್ಟ ಹೆಚ್ಚುವರಿ ಉಸಿರಾಟದ ಸಾಧನ) ಎಲ್ಲಿದೆ ಅಂತ ಹುಡುಕುತ್ತಾ ಇರುವುದಿಲ್ಲ. ಗುಳ್ಳೆ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೇ ಕೈ ಹಾಕಬಹುದು. ಅಂದರೆ ನಿಮ್ಮ ಬಾಯಿಗೆ. ಅದಕ್ಕೇ ನಾನು ಬಾಯಲ್ಲಿರುವ ರೆಗ್ಯುಲೇಟರನ್ನೇ, ಅಂದರೆ ನಾನು ಉಸಿರಾಡುತ್ತಿರುವ ಸಾಧನವನ್ನೇ, ಕೊಡುವ ಪದ್ಧತಿ ಹಿಡಿದಿದ್ದೇನೆ. ಅದು ಕೆಲಸ ಮಾಡುತ್ತಿದೆ ಅಂತ ಆ ಕ್ಷಣದಲ್ಲಿ ನನಗೆ ಖಾತ್ರಿ ಇರುತ್ತದೆ. ಪಕ್ಕದಲ್ಲಿ ಜೋತಾಡುವ ಆಕ್ಟೋಪಸ್ ಮರಳಲ್ಲಿ ಎಳೆದಾಡಿರಬಹುದು, ಜಾಕೆಟ್ ಕೆಳಗೆ ಸಿಕ್ಕಿಕೊಂಡಿರಬಹುದು.

ಹೀಗೆ ಕೊಡಬೇಕಾದರೆ ಹೋಸ್, ಅಂದರೆ ಸಿಲಿಂಡರಿನಿಂದ ರೆಗ್ಯುಲೇಟರಿಗೆ ಗಾಳಿ ತರುವ ಕೊಳವೆ, ಉದ್ದ ಇರಬೇಕು. ಸಾಮಾನ್ಯ ಮುಖ್ಯ ಹೋಸ್ ಮುಕ್ಕಾಲು ಮೀಟರಿನ ಆಸುಪಾಸು. ಅಷ್ಟರಲ್ಲಿ ಇಬ್ಬರು ಉಸಿರಾಡಿದರೆ ಮುಖಕ್ಕೆ ಮುಖ ತಾಗುತ್ತದೆ. ಫ್ಲೋರಿಡಾದ ಗುಹೆಗಳಲ್ಲಿ ಡೈವ್ ಮಾಡುವವರು 7 ಅಡಿ ಹೋಸ್ ರೂಢಿಗೆ ತಂದರು. ಇಕ್ಕಟ್ಟಿನ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಬರಬೇಕಲ್ವಾ? ನನಗೆ ಗುಹೆ ಇಲ್ಲ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ತೆರೆದ ನೀರು. 5 ಅಡಿ ಸಾಕು.

ನನ್ನ ಹೋಸ್ ಫಸ್ಟ್ ಸ್ಟೇಜಿನಿಂದ (ಸಿಲಿಂಡರಿನ ಬಾಯಿಗೆ ಕೂರಿಸಿದ, ಒತ್ತಡ ಇಳಿಸುವ ಭಾಗ) ಬಲಗಂಕುಳ ಕೆಳಗೆ ಬಂದು, ಎದೆ ಹಾದು, ಎಡ ಹೆಗಲು ಏರಿ, ಕತ್ತಿನ ಹಿಂದಿನಿಂದ ಬಾಯಿಗೆ ಬರುತ್ತದೆ. ಎರಡನೇ ರೆಗ್ಯುಲೇಟರ್ ಗಿಡ್ಡ ಹೋಸಿನದು. ಎಲಾಸ್ಟಿಕ್ ದಾರದಲ್ಲಿ ಗದ್ದದ ಕೆಳಗೆ ಲಿಂಗದಕಾಯಿ ಹಾಗೆ ತೂಗುತ್ತಿರುತ್ತದೆ. ಹುಡುಕುವ ಮಾತೇ ಇಲ್ಲ. ತಲೆ ಬಗ್ಗಿಸಿದರೆ ಬಾಯಿಗೆ ಸಿಗುತ್ತದೆ. ಕೊನೆಗೆ ನೋಡಬೇಕಾದದ್ದು ಒಂದೇ: ಉದ್ದ ಹೋಸಿನ ಮೇಲೆ ಬೇರೆ ಯಾವ ಪಟ್ಟಿ, ಹೋಸ್ ಇರಬಾರದು. ಇದ್ದರೆ ಕೊಡುವಾಗ ಅರ್ಧಕ್ಕೇ ನಿಲ್ಲುತ್ತದೆ.

ಮಳೆಗಾಲದಲ್ಲಿ ನೇತ್ರಾಣಿ ಬಂದ್. ಆಗ ಕಲಬುರಗಿಯಲ್ಲಿ ನಮ್ಮ ಮನೆಯ ಮಾಳಿಗೆಯೇ ಅಭ್ಯಾಸದ ಜಾಗ. ನಾನು, ನಮ್ಮ ಕಾಕಾನ ಮಗ ಸಂಜೆ ಬಿಸಿಲು ಇಳಿದ ಮೇಲೆ ಜಾಕೆಟ್ ಹಾಕಿಕೊಂಡು ನಿಲ್ಲುತ್ತೇವೆ. ಸಿಲಿಂಡರ್ ಬೇಡ, ಬರೀ ಹೋಸ್ ಸಾಕು. ಅವನು ಕತ್ತಿನ ಮುಂದೆ ಕೈ ಅಡ್ಡ ಆಡಿಸುತ್ತಾನೆ, ಗಾಳಿ ಇಲ್ಲ ಅನ್ನುವ ಸನ್ನೆ. ನಾನು ಬಲಗೈಲಿ ರೆಗ್ಯುಲೇಟರ್ ತೆಗೆದು, ಅದರ ಬಟನ್ (ಒತ್ತಿದರೆ ಗಾಳಿ ನುಗ್ಗಿ ಒಳಗಿನ ನೀರು ಹೊರಹೋಗುತ್ತದೆ) ಅವನ ಬೆರಳಿಗೆ ಸಿಗುವಂತೆ ಮುಂದೆ ಚಾಚಿ, ತಲೆ ಬಗ್ಗಿಸಿ ಹೋಸ್ ಬಿಡಿಸುತ್ತೇನೆ. ಎಡಗೈ ಆಗಲೇ ಗದ್ದದ ಕೆಳಗಿನದರ ಮೇಲೆ ಇರುತ್ತದೆ. ಆಮೇಲೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಅದನ್ನೇ ಮಾಡುತ್ತೇವೆ. ನನ್ನ ಕೈ ತಡವರಿಸಿದರೆ ಅವನು ಬಿಡುವುದಿಲ್ಲ: "ಅಣ್ಣಾ, ಮೊದ್ಲು ನನಗ ಕೊಡು, ಆಮ್ಯಾಲೆ ನಿಂದು ನೋಡ್ಕೋ."

ಮಾಳಿಗೆಯಲ್ಲಿ ಕಲಿಯಲಾಗದ್ದು ಉಸಿರು. ರೆಗ್ಯುಲೇಟರ್ ಬಾಯಲ್ಲಿ ಇಲ್ಲದಾಗ ಸಣ್ಣ ಗುಳ್ಳೆ ಬಿಡುತ್ತಲೇ ಇರಬೇಕು. ಉಸಿರು ಹಿಡಿದು ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಇದನ್ನು ತರಬೇತುದಾರರ ಎದುರಲ್ಲಿ, ಆಳವಿಲ್ಲದ ನೀರಲ್ಲೇ ಕಲಿಯಬೇಕು. ನೇತ್ರಾಣಿಯಲ್ಲೂ ಆಳಕ್ಕೆ ಇಳಿಯುವ ಮುಂಚೆ ನಾವು ಒಂದು ಸಲ ಕೊಟ್ಟು ತೆಗೆದುಕೊಂಡು ನೋಡುತ್ತೇವೆ.

ಈಗ ಲೆಕ್ಕ. 18 ಮೀಟರ್ ಆಳದಲ್ಲಿ ಒತ್ತಡ 2.8 ಬಾರ್, ಅಂದರೆ ನೀರಿನ ಮೇಲ್ಮೈಯ ಸುಮಾರು 2.8 ಪಟ್ಟು; ಉಸಿರಿಗೂ ಅಷ್ಟೇ ಪಟ್ಟು ಗಾಳಿ ಬೇಕು. ಗಾಬರಿಯಾದವರು ನೀರಿನ ಮೇಲ್ಮೈ ಲೆಕ್ಕದಲ್ಲಿ ತಲಾ ನಿಮಿಷಕ್ಕೆ 40 ಲೀಟರ್ ಎಳೆಯುತ್ತಾರೆ ಅಂತ ಹಿಡಿದರೆ, ಇಬ್ಬರಿಗೆ ಅಲ್ಲಿ ನಿಮಿಷಕ್ಕೆ 224 ಲೀಟರ್ ಬೇಕು. 11 ಲೀಟರ್ ಸಿಲಿಂಡರಿನಲ್ಲಿ 50 ಬಾರ್ ಉಳಿದಿದ್ದರೆ ಇರುವುದೇ 550 ಲೀಟರ್. ಸನ್ನೆ ತಿಳಿದು, ಒಬ್ಬರ ತೋಳು ಒಬ್ಬರು ಹಿಡಿದು, ಸುಧಾರಿಸಿಕೊಳ್ಳಲು ಒಂದು ನಿಮಿಷ ಹೋಗುತ್ತದೆ. ನಿಮಿಷಕ್ಕೆ 9 ಮೀಟರಿನಂತೆ ಏರಲು ಇನ್ನೆರಡು ನಿಮಿಷ. ಮೇಲೆ ಬರುವ ಮುಂಚೆ ಸುರಕ್ಷತೆಗಾಗಿ 5 ಮೀಟರಿನಲ್ಲಿ 3 ನಿಮಿಷ ನಿಲ್ಲಲು ಏನೂ ಉಳಿಯುವುದಿಲ್ಲ. ಹಾಗಾಗಿ ಆ ಆಳದಲ್ಲಿ ನಾವಿಬ್ಬರೂ 90 ಬಾರ್ ಆದರೆ ಸಾಕು, ಮೇಲಕ್ಕೆ ಹೊರಡುತ್ತೇವೆ. ಮೀನು ಎಷ್ಟೇ ಚೆನ್ನಾಗಿ ಕಾಣುತ್ತಿರಲಿ.

ನಮ್ಮ ಕಡೆಯ ಬೇಸಿಗೆ ರಬ್ಬರಿಗೆ ಒಳ್ಳೆಯದಲ್ಲ. ಹೋಸ್‌ಗಳನ್ನು ಸಜ್ಜೆ ಮೇಲೆ ಇಡದೆ, ತಂಪು ಕೋಣೆಯಲ್ಲಿ ದೊಡ್ಡ ಸುತ್ತಾಗಿ ಇಡುತ್ತೇನೆ. ಲೋಹ ಸೇರುವ ಕಡೆ ಬಗ್ಗಿಸಿ ನೋಡುತ್ತೇನೆ. ಬಿರುಕು ಕಂಡ ಹೋಸ್ ಮತ್ತೆ ನೀರಿಗೆ ಇಳಿಯುವುದಿಲ್ಲ.